ಚಳಿ ಎಷ್ಟು, ಹಿಮ ಎಷ್ಟು: ಎರಡೂ ಬೇರೆ ಲೆಕ್ಕ

ಮೊದಲು ಎರಡು ಊರು ನೋಡಿ. ಸೈಬೀರಿಯಾದ ಒಯ್ಮ್ಯಕಾನ್‌ನಲ್ಲಿ 1933ರಲ್ಲಿ ಮೈನಸ್ 67.7 ಡಿಗ್ರಿ ಸೆಲ್ಸಿಯಸ್ ದಾಖಲಾಗಿದೆ. ಜಪಾನಿನ ಅಓಮೊರಿಯಲ್ಲಿ ಜನವರಿಯ ಸರಾಸರಿ ಸೊನ್ನೆಯ ಆಸುಪಾಸಿನಲ್ಲೇ ಇರುತ್ತದೆ. ಹಿಮ ಎಲ್ಲಿ ಜಾಸ್ತಿ? ಅಓಮೊರಿಯಲ್ಲಿ. ಒಂದು ಚಳಿಗಾಲಕ್ಕೆ ಐದು ಮೀಟರಿಗಿಂತ ಹೆಚ್ಚು ಬೀಳುವುದು ಅಲ್ಲಿ ಮಾಮೂಲು. ಒಯ್ಮ್ಯಕಾನ್‌ನಲ್ಲಿ ಇಡೀ ವರ್ಷದ ಮಳೆ, ಹಿಮ ಎಲ್ಲ ಸೇರಿಸಿ ಕರಗಿಸಿದರೂ ಸುಮಾರು 200 ಮಿ.ಮೀ. ನೀರು. ಅದರಲ್ಲೂ ದೊಡ್ಡ ಪಾಲು ಬೇಸಿಗೆಯ ಮಳೆಯದು.

ಈ ಗಂಟು ಬಿಚ್ಚಿದರೆ ಉಳಿದದ್ದು ಸಲೀಸು.

ಗಾಳಿಯಲ್ಲಿ ನೀರಾವಿ ಎಷ್ಟು?

ಒಂದು ಘನ ಮೀಟರ್ ಗಾಳಿಯಲ್ಲಿ 20 ಡಿಗ್ರಿಯಲ್ಲಿ ಹೆಚ್ಚೆಂದರೆ ಸುಮಾರು 17 ಗ್ರಾಂ ನೀರಾವಿ ಇರಬಹುದು. ಸೊನ್ನೆ ಡಿಗ್ರಿಯಲ್ಲಿ ಸುಮಾರು 5 ಗ್ರಾಂ. ಮೈನಸ್ 20ರಲ್ಲಿ ಬರೀ 1 ಗ್ರಾಂ. 17, 5, 1 ಅಂತ ನೆನಪಿಟ್ಟುಕೊಂಡರೆ ಸಾಕು. ಚಳಿ ಏರಿದಷ್ಟೂ ಹಿಮವಾಗಲು ಬೇಕಾದ ಸರಕೇ ಖಾಲಿಯಾಗುತ್ತಾ ಹೋಗುತ್ತದೆ.

ಇದರ ಕೊನೆಯ ತುದಿ ಅಂಟಾರ್ಕ್ಟಿಕಾ. ಅಲ್ಲಿನ ವೋಸ್ಟೋಕ್ ನಿಲ್ದಾಣದಲ್ಲಿ 1983ರ ಜುಲೈ 21ರಂದು ಮೈನಸ್ 89.2 ಡಿಗ್ರಿ ದಾಖಲಾಯಿತು. (ಜುಲೈ ಅಂದರೆ ಅಲ್ಲಿ ನಡುಚಳಿಗಾಲ.) ಖಂಡದ ಒಳಭಾಗದಲ್ಲಿ ವರ್ಷಕ್ಕೆ ಬೀಳುವ ಹಿಮ ಕರಗಿಸಿದರೆ 50 ಮಿ.ಮೀ. ನೀರೂ ಆಗದು. ಅದು ಮರುಭೂಮಿಯೇ. ಹಾಗಾದರೆ ಮೂರು ಕಿಲೋಮೀಟರಿಗೂ ದಪ್ಪದ ಮಂಜುಗಡ್ಡೆ ಎಲ್ಲಿಂದ ಬಂತು? ಬಿದ್ದ ಚೂರುಪಾರು ಕರಗಲೇ ಇಲ್ಲ, ಲಕ್ಷಾಂತರ ವರ್ಷ ಒಂದರ ಮೇಲೊಂದು ಕೂತಿತು, ಅಷ್ಟೆ.

ಸೈಬೀರಿಯಾ, ಮಂಗೋಲಿಯಾಗಳಲ್ಲಿ ಇನ್ನೊಂದು ಕಾರಣವೂ ಸೇರಿಕೊಳ್ಳುತ್ತದೆ. ಚಳಿಗಾಲದಲ್ಲಿ ಅಲ್ಲಿ ಗಾಳಿಯ ಅಧಿಕ ಒತ್ತಡ ಕೂರುತ್ತದೆ. ಗಾಳಿ ಮೇಲಿನಿಂದ ಕೆಳಗಿಳಿಯುತ್ತದೆ, ಮೋಡ ಕಟ್ಟುವುದಿಲ್ಲ. ಹಾಗಾಗಿ ಉಲಾನ್‌ಬಾತರ್‌ನಲ್ಲಿ ಮೈನಸ್ 20 ಇದ್ದರೂ ನೀಲಿ ಆಕಾಶ, ಒಳ್ಳೆಯ ಬಿಸಿಲು.

ಒಣ ಗಾಳಿಯೇ ಹಿಮ ಸುರಿಸುವುದು ಹೇಗೆ?

ತಲೆ ಕೆಡುವುದು ಇಲ್ಲಿ. ಜಪಾನಿಗೆ ಹಿಮ ತರುವುದು ಇದೇ ಸೈಬೀರಿಯಾದ ಗಾಳಿ. ಅದು ಒಣ ಗಾಳಿ ಅಂತ ಈಗಷ್ಟೇ ಓದಿದೆವು, ಅಲ್ವಾ? ಒಂದೊಂದೇ ಹೆಜ್ಜೆ ಇಟ್ಟು ನೋಡೋಣ.

ಗಾಳಿ ಜಪಾನ್ ಸಮುದ್ರದ ಮೇಲೆ ಬರುತ್ತದೆ. ಅಲ್ಲಿ ತ್ಸುಶಿಮಾ ಎಂಬ ಉಷ್ಣ ಪ್ರವಾಹ ಇದೆ, ನೀರು ಗಾಳಿಗಿಂತ ತುಂಬಾ ಬೆಚ್ಚಗಿರುತ್ತದೆ. ನೀರಿಗೆ ತಾಗಿದ ಕೆಳಪದರ ಮಾತ್ರ ಬಿಸಿಯಾಗಿ ಆವಿ ಹೀರುತ್ತದೆ. ಮೇಲಿನ ಪದರ ಮೊದಲಿನಷ್ಟೇ ತಣ್ಣಗಿದೆ. ಕೆಳಗೆ ಹಗುರ, ಮೇಲೆ ಭಾರ. ಹಾಗಾಗಿ ಕೆಳಗಿನದು ಮೇಲೇರುತ್ತದೆ, ತಣಿಯುತ್ತದೆ, ಹೀರಿದ ಆವಿಯನ್ನು ಹಿಡಿದಿಡಲಾರದೆ ಹಿಮವಾಗಿಸುತ್ತದೆ. ಆಮೇಲೆ ಎದುರಿಗೆ ಬೆಟ್ಟಸಾಲು. ಅದನ್ನು ಹತ್ತುವಾಗ ಉಳಿದದ್ದನ್ನೂ ಸುರಿಸುತ್ತದೆ. ಬೆಟ್ಟದ ಆಚೆ ಇರುವ ಟೋಕಿಯೋಗೆ ತಲುಪುವಷ್ಟರಲ್ಲಿ ಗಾಳಿ ಮತ್ತೆ ಒಣ, ಅಲ್ಲಿ ಚಳಿಗಾಲವೇ ವರ್ಷದ ಅತಿ ಒಣ ಕಾಲ.

ಆದರೂ ಒಂದು ಅನುಮಾನ ಉಳಿಯುತ್ತದೆ: ತಣ್ಣನೆ ಗಾಳಿಯಲ್ಲಿ ಆವಿ ಇರುವುದೇ ಕಡಿಮೆ, ಇಷ್ಟೊಂದು ಹಿಮ ಹೇಗೆ? ಉತ್ತರ: ಒಂದು ಹೊತ್ತಿನಲ್ಲಿ ಗಾಳಿಯಲ್ಲಿ ಎಷ್ಟಿದೆ ಎನ್ನುವುದು ಇಲ್ಲಿ ಮುಖ್ಯವಲ್ಲ. ಗಾಳಿ ಬೀಸುತ್ತಲೇ ಇದೆ, ಪ್ರತಿ ಗಂಟೆ ಹೊಸ ಗಾಳಿ ಬಂದು ಹೊಸದಾಗಿ ನೀರು ಎತ್ತುತ್ತಿದೆ. ಹೊರೆ ಚಿಕ್ಕದು, ಓಡಾಟ ಜಾಸ್ತಿ.

ಅಮೆರಿಕದ ಮಹಾ ಸರೋವರಗಳ ಹತ್ತಿರವೂ ನಡೆಯುವುದು ಇದೇ. ಸರೋವರದ ಮೇಲ್ಮೈಗೂ ಸುಮಾರು ಒಂದೂವರೆ ಕಿಲೋಮೀಟರ್ ಎತ್ತರದ ಗಾಳಿಗೂ 13 ಡಿಗ್ರಿಯಷ್ಟು ಅಂತರ ಇದ್ದರೆ ಇಂಥ ಹಿಮಕ್ಕೆ ತಯಾರಿ ಆದಂತೆ ಎಂದು ಹವಾಮಾನ ತಜ್ಞರು ನೋಡುತ್ತಾರೆ. ಬಫಲೋ ಊರು ಈರಿ ಸರೋವರದ ಪೂರ್ವ ತುದಿಯಲ್ಲಿದೆ. ಗಾಳಿ ಸರೋವರದ ಉದ್ದಕ್ಕೂ ಬೀಸಿದರೆ ನೀರಿನ ಮೇಲಿನ ದಾರಿ ಉದ್ದ, ಹಿಮವೂ ಜಾಸ್ತಿ. ಆದರೆ ಅದು ಕಿರಿದಾದ ಪಟ್ಟೆಯಾಗಿ ಬೀಳುತ್ತದೆ. 2014ರ ನವೆಂಬರಿನಲ್ಲಿ ಬಫಲೋದ ದಕ್ಷಿಣದ ಕೆಲವು ಬಡಾವಣೆಗಳಲ್ಲಿ ಒಂದೂವರೆ ಮೀಟರಿಗಿಂತ ಹೆಚ್ಚು ಬಿತ್ತು. ಕೆಲವೇ ಕಿಲೋಮೀಟರ್ ಉತ್ತರಕ್ಕೆ ಕೆಲವೇ ಸೆಂಟಿಮೀಟರ್!

ಈರಿ ಆಳ ಕಡಿಮೆ, ಸರಾಸರಿ 19 ಮೀಟರ್. ಚಳಿ ಜೋರಾದರೆ ಬೇಗ ಹೆಪ್ಪುಗಟ್ಟುತ್ತದೆ. ಮುಚ್ಚಳ ಬಿದ್ದ ಮೇಲೆ ಆವಿ ಇಲ್ಲ, ಈ ಬಗೆಯ ಹಿಮವೂ ಇಳಿಮುಖ. ಒಂಟಾರಿಯೋ ಸರೋವರ ತುಂಬಾ ಆಳ, ಪೂರ್ತಿ ಹೆಪ್ಪುಗಟ್ಟುವುದು ಅಪರೂಪ. ಅದರ ಪೂರ್ವದಂಚಿಗೆ ಚಳಿಗಾಲವಿಡೀ ಸರಬರಾಜು.

ಅಂಕಿ ಬೆರೆಸಬೇಡಿ

ಬಿದ್ದ ಹಿಮ, ನೆಲದ ಮೇಲೆ ನಿಂತ ಹಿಮ, ಕರಗಿಸಿದ ನೀರು: ಮೂರೂ ಬೇರೆ. ಅಮೆರಿಕದ ಮೌಂಟ್ ಬೇಕರ್‌ನಲ್ಲಿ 1998–99ರ ಋತುವಿನಲ್ಲಿ ಬಿದ್ದದ್ದು ಸುಮಾರು 29 ಮೀಟರ್. ಜಪಾನಿನ ಇಬುಕಿ ಬೆಟ್ಟದಲ್ಲಿ 1927ರಲ್ಲಿ ಅಳೆದ 11.82 ಮೀಟರ್ ನಿಂತ ಹಿಮ. ಎರಡನ್ನೂ ಒಂದೇ ಪಟ್ಟಿಗೆ ಹಾಕಿದರೆ ಅರ್ಥವಿಲ್ಲ. 10 ಸೆಂ.ಮೀ. ಹಿಮಕ್ಕೆ 1 ಸೆಂ.ಮೀ. ನೀರು ಎನ್ನುವುದು ಒರಟು ಲೆಕ್ಕ. ಒದ್ದೆ ಹಿಮ 5 ಸೆಂ.ಮೀ. ಇದ್ದರೂ ಅಷ್ಟು ನೀರು ಸಿಗಬಹುದು, ಪುಡಿ ಹಿಮ 20 ಬೇಕಾಗಬಹುದು.

ಅಕ್ಷಾಂಶವನ್ನೂ ಸುಮ್ನೆ ನಂಬಬೇಡಿ. ಲಂಡನ್ ಕೆನಡಾದ ವಿನಿಪೆಗ್‌ಗಿಂತ ತುಸು ಉತ್ತರಕ್ಕೇ ಇದೆ. ಆದರೂ ಜನವರಿಯ ಸರಾಸರಿ ಲಂಡನ್ನಿನಲ್ಲಿ ಸುಮಾರು 5 ಡಿಗ್ರಿ, ವಿನಿಪೆಗ್‌ನಲ್ಲಿ ಸುಮಾರು ಮೈನಸ್ 16. ಒಂದಕ್ಕೆ ಸಾಗರದ ಗಾಳಿ, ಇನ್ನೊಂದು ಖಂಡದ ನಡುಮಧ್ಯೆ. ಹಿಮಾಲಯದಲ್ಲೂ ಹಾಗೇ: ಮೆಡಿಟರೇನಿಯನ್ ಕಡೆಯಿಂದ ಬರುವ ಪಶ್ಚಿಮದ ಅಡಚಣೆಗಳು (ಮೋಡ, ಮಳೆ ಹೊತ್ತು ತರುವ ವಾಯುಭಾರ ಕುಸಿತಗಳು) ಗುಲ್ಮಾರ್ಗ್‌ನಲ್ಲಿ ಹಿಮ ಸುರಿಸುತ್ತವೆ, ಬೆಟ್ಟದ ಮಳೆನೆರಳಲ್ಲಿರುವ ಲೇಹ್ ಚಳಿಯಿದ್ದೂ ಒಣಗಿರುತ್ತದೆ.

ಅಭ್ಯಾಸಕ್ಕೆ ಒಂದು ಪ್ರಶ್ನೆ. ವ್ಲಾಡಿವೊಸ್ಟಾಕ್ ಮತ್ತು ಸಪ್ಪೊರೊ ಎರಡೂ 43 ಡಿಗ್ರಿ ಉತ್ತರದಲ್ಲಿವೆ. ಮೊದಲನೆಯದರಲ್ಲಿ ಚಳಿ ಹೆಚ್ಚು, ಎರಡನೆಯದರಲ್ಲಿ ಹಿಮ ಹೆಚ್ಚು. ಭೂಪಟ ತೆಗೆದು, ಗಾಳಿ ಸಮುದ್ರ ದಾಟುವ ಮೊದಲು ಯಾವ ಊರು ಸಿಗುತ್ತದೆ, ದಾಟಿದ ಮೇಲೆ ಯಾವುದು ಎಂದು ಬೆರಳಿಟ್ಟು ನೋಡಿ.