ಕಪ್ಪುಕುಳಿಯ ಭಯದ ಜೊತೆಗಿದ್ದ ಇನ್ನೊಂದು ಪ್ರಶ್ನೆ

2008ರ ಸೆಪ್ಟೆಂಬರ್ 10ರಂದು, ಜಿನೀವಾದ ಸಮಯ ಬೆಳಿಗ್ಗೆ 10 ಗಂಟೆ 28 ನಿಮಿಷಕ್ಕೆ, ಸ್ವಿಟ್ಜರ್ಲೆಂಡ್ ಮತ್ತು ಫ್ರಾನ್ಸ್ ಗಡಿಯ ನೆಲದಡಿ ಸುಮಾರು 100 ಮೀಟರ್ ಆಳದಲ್ಲಿರುವ 27 ಕಿಲೋಮೀಟರ್ ಸುತ್ತಳತೆಯ ಸುರಂಗದಲ್ಲಿ ಪ್ರೋಟಾನುಗಳ ಪುಂಜವೊಂದು ಮೊದಲ ಬಾರಿಗೆ ಪೂರ್ತಿ ಒಂದು ಸುತ್ತು ಹಾಕಿ ಬಂತು. ಯುರೋಪಿನ ಕಣಭೌತವಿಜ್ಞಾನ ಸಂಶೋಧನಾ ಕೇಂದ್ರವಾದ ಸರ್ನ್ ಸಂಸ್ಥೆಯ ನಿಯಂತ್ರಣ ಕೊಠಡಿಯಲ್ಲಿ, ಪ್ರೋಟಾನುಗಳನ್ನು ಎದುರುಬದುರಾಗಿ ಡಿಕ್ಕಿ ಹೊಡೆಸಲು ಕಟ್ಟಿದ ಲಾರ್ಜ್ ಹ್ಯಾಡ್ರಾನ್ ಕೊಲೈಡರ್ (ಎಲ್‌ಎಚ್‌ಸಿ) ಯೋಜನೆಯ ಮುಖ್ಯಸ್ಥ ಲಿನ್ ಇವಾನ್ಸ್ ಮತ್ತು ಅವರ ಸಂಗಡಿಗರು ಪರದೆಯ ಮೇಲೆ ಮೂಡಿದ ಎರಡು ಚುಕ್ಕೆಗಳನ್ನು ಕಂಡು ಚಪ್ಪಾಳೆ ತಟ್ಟಿದರು. ಆ ಹೊತ್ತಿಗೆ ನಮ್ಮ ದೇಶದ ಹಲವು ಟಿ.ವಿ. ವಾಹಿನಿಗಳು ಈ ಯಂತ್ರದ ಡಿಕ್ಕಿಗಳಲ್ಲಿ ಕಪ್ಪುಕುಳಿಯೊಂದು ಹುಟ್ಟಿ ಎಲ್ಲವನ್ನೂ ನುಂಗತೊಡಗಿದರೆ ಭೂಮಿ ಉಳಿದೀತೇ ಎಂಬ ಚರ್ಚೆಯನ್ನು ದಿನಗಟ್ಟಲೆ ನಡೆಸಿ ಮುಗಿಸಿದ್ದವು. ಮಧ್ಯಪ್ರದೇಶದಲ್ಲಿ ಹದಿಹರೆಯದ ಹುಡುಗಿಯೊಬ್ಬಳು ಈ ಸುದ್ದಿಗಳಿಂದ ಕಂಗೆಟ್ಟು ಪ್ರಾಣ ಕಳೆದುಕೊಂಡಳೆಂದು ಆಕೆಯ ಮನೆಯವರು ಹೇಳಿದ್ದು ಪತ್ರಿಕೆಗಳಲ್ಲಿ ವರದಿಯಾಯಿತು. ಕಣಭೌತವಿಜ್ಞಾನವನ್ನು ಕಲಿಸುವ, ಅದರ ಬಗ್ಗೆ ಊರೂರಿನ ಕಾಲೇಜುಗಳಲ್ಲಿ ಮಾತನಾಡುವ ಕೆಲಸದಲ್ಲಿರುವ ನನ್ನಂಥವರಿಗೆ ಆ ಸಾವನ್ನು ಬದಿಗಿಟ್ಟು ಉಳಿದ ಪ್ರತಿಕ್ರಿಯೆಗಳನ್ನು ತಮಾಷೆಯೆಂದು ನೋಡುವುದು ಅಂದಿನಿಂದ ಸಾಧ್ಯವಾಗಿಲ್ಲ.

ಆ ದಿನ ನಿಜಕ್ಕೂ ನಡೆದದ್ದೇನು ಎಂಬುದನ್ನು ಮೊದಲು ಹೇಳಬೇಕು. ಅಂದು ಒಂದೇ ಒಂದು ಡಿಕ್ಕಿಯೂ ಆಗಲಿಲ್ಲ, ಆಗಿಸುವ ಉದ್ದೇಶವೂ ಇರಲಿಲ್ಲ. ಪ್ರೋಟಾನುಗಳನ್ನು ಮೊದಲು ಒಂದು ದಿಕ್ಕಿನಲ್ಲಿ, ಮಧ್ಯಾಹ್ನ ಇನ್ನೊಂದು ದಿಕ್ಕಿನಲ್ಲಿ ಸುತ್ತಿಸಲಾಯಿತು. ಅವುಗಳ ಶಕ್ತಿ, ಕಣಗಳ ಶಕ್ತಿಯನ್ನು ಅಳೆಯುವ ಮಾನದಲ್ಲಿ, 450 ಗಿಗಾ ಎಲೆಕ್ಟ್ರಾನ್‌ವೋಲ್ಟ್ ಮಾತ್ರ. ಅಮೆರಿಕದ ಫರ್ಮಿಲ್ಯಾಬಿನಲ್ಲಿದ್ದ ಟೆವಟ್ರಾನ್ ಯಂತ್ರ ಅದಾಗಲೇ ಎಷ್ಟೋ ವರ್ಷಗಳಿಂದ ಇದರ ಎರಡರಷ್ಟಕ್ಕೂ ಮೀರಿದ ಶಕ್ತಿಯಲ್ಲಿ ಪ್ರೋಟಾನು ಮತ್ತು ಪ್ರತಿಪ್ರೋಟಾನುಗಳನ್ನು ಎದುರುಬದುರಾಗಿ ಹಾಯಿಸುತ್ತಿತ್ತು. ಎಲ್‌ಎಚ್‌ಸಿಯಲ್ಲಿ ದಾಖಲೆಯ ಶಕ್ತಿಯ ಡಿಕ್ಕಿಗಳು, ಅಂದರೆ ಒಟ್ಟು 7 ಟೆರಾ (7,000 ಗಿಗಾ) ಎಲೆಕ್ಟ್ರಾನ್‌ವೋಲ್ಟಿನವು, ನಡೆದದ್ದು 2010ರ ಮಾರ್ಚ್ 30ರಂದು. ಭಯಕ್ಕೆ ಏನಾದರೂ ಆಧಾರವಿದ್ದಿದ್ದರೆ ಜನ ಹೆದರಬೇಕಾಗಿದ್ದುದು ಆ ದಿನಕ್ಕೆ. ಆದರೆ ಅಂದು ಯಾವ ವಾಹಿನಿಯೂ ಪ್ರಳಯದ ಹಿನ್ನೆಲೆ ಸಂಗೀತ ಬಾರಿಸಿದ್ದು ನನಗೆ ನೆನಪಿಲ್ಲ. ಜನರ ಆತಂಕ ಯಂತ್ರದ ವೇಳಾಪಟ್ಟಿಯನ್ನಲ್ಲ, ಸಮಾರಂಭದ ವೇಳಾಪಟ್ಟಿಯನ್ನು ಹಿಂಬಾಲಿಸಿತ್ತು. ಆ ಸಮಾರಂಭವನ್ನು ಏರ್ಪಡಿಸಿ ಪ್ರಪಂಚದ ಪತ್ರಕರ್ತರನ್ನೆಲ್ಲ ಕರೆದವರು ನಮ್ಮ ಭೌತವಿಜ್ಞಾನಿಗಳೇ ಆದ್ದರಿಂದ ಮಾಧ್ಯಮಗಳನ್ನಷ್ಟೇ ದೂರುವುದು ನ್ಯಾಯವಲ್ಲ.

ನಿಜವಾದ ಅವಘಡ ಒಂಬತ್ತು ದಿನಗಳ ನಂತರ, ಸೆಪ್ಟೆಂಬರ್ 19ರಂದು ನಡೆಯಿತು. ಎರಡು ಅತಿವಾಹಕ ಕಾಂತಗಳ ನಡುವಿನ ಒಂದು ವಿದ್ಯುತ್ ಜೋಡಣೆ ಸರಿಯಾಗಿ ಬೆಸೆದುಕೊಂಡಿರಲಿಲ್ಲ. ಅಲ್ಲಿ ಕಿಡಿ ಹಾರಿ, ಕಾಂತಗಳನ್ನು ತಂಪಾಗಿಡುವ ಟನ್ನುಗಟ್ಟಲೆ ದ್ರವ ಹೀಲಿಯಂ ಆವಿಯಾಗಿ ಸುರಂಗಕ್ಕೆ ನುಗ್ಗಿ, ಹತ್ತಾರು ಟನ್ ತೂಕದ ಕಾಂತಗಳನ್ನು ಅವುಗಳ ನೆಲೆಯಿಂದಲೇ ಕದಲಿಸಿತು. ಹೊರಗಿನ ಯಾರಿಗೂ ಅಪಾಯವಾಗಲಿಲ್ಲ. ಯಂತ್ರ ಮಾತ್ರ ಒಂದು ವರ್ಷಕ್ಕೂ ಹೆಚ್ಚು ಕಾಲ ನಿಂತುಹೋಯಿತು. ಇಂಥ ದೈತ್ಯ ಯಂತ್ರದಲ್ಲಿ ಎಂಜಿನಿಯರುಗಳ ನಿದ್ದೆ ಕೆಡಿಸುವುದು ಬೆಸುಗೆಯಂಥ ಸಂಗತಿಗಳೇ. ಅದನ್ನು ಮೊದಲೇ ಸಾರ್ವಜನಿಕರ ಮುಂದೆ ಬಿಡಿಸಿ ಹೇಳಿದ್ದರೆ, ಅಪಾಯ ಎಂಬುದಕ್ಕೆ ಅವರ ಮನಸ್ಸಿನಲ್ಲಿ ಕಪ್ಪುಕುಳಿಯ ಬದಲು ಬೇರೊಂದು ಚಿತ್ರ ಮೂಡುತ್ತಿತ್ತು.

ಕಪ್ಪುಕುಳಿಯ ವಾದಕ್ಕೆ ಬರೋಣ. ನಾವು ಬಲ್ಲ ಗುರುತ್ವದ ಲೆಕ್ಕದಲ್ಲಿ ಎರಡು ಪ್ರೋಟಾನುಗಳನ್ನು ಹಾಯಿಸಿ ಕಪ್ಪುಕುಳಿಯನ್ನು ಹುಟ್ಟಿಸಬೇಕಾದರೆ ಎಲ್‌ಎಚ್‌ಸಿಯ ಶಕ್ತಿಗಿಂತ ಸುಮಾರು ಸಾವಿರ ಲಕ್ಷ ಕೋಟಿ ಪಟ್ಟು ಹೆಚ್ಚು ಶಕ್ತಿ ಬೇಕು. ನಾವಿರುವ ಅವಕಾಶಕ್ಕೆ (ಸ್ಪೇಸ್) ನಾವು ಕಾಣುವ ಮೂರಕ್ಕಿಂತ ಹೆಚ್ಚು ಆಯಾಮಗಳಿದ್ದರೆ ಈ ಹೊಸ್ತಿಲು ಕೆಳಗಿಳಿಯಬಹುದು ಎಂದು ಕೆಲವು ಸಿದ್ಧಾಂತಗಳು ಹೇಳುತ್ತವೆ. ಹಾಗೆ ಹುಟ್ಟಿದರೂ ಸ್ಟೀಫನ್ ಹಾಕಿಂಗ್ ತೋರಿಸಿಕೊಟ್ಟ ವಿಕಿರಣದ ಮೂಲಕ ಅದು ಕ್ಷಣಾರ್ಧಕ್ಕಿಂತಲೂ ಎಷ್ಟೋ ಬೇಗ ಆವಿಯಾಗಬೇಕು. ಆದರೆ ಆ ವಿಕಿರಣವನ್ನು ಯಾರೂ ಇನ್ನೂ ನೇರವಾಗಿ ಕಂಡಿಲ್ಲವಲ್ಲ ಎಂದು ಎದುರಾಳಿ ಕೇಳಿದರೆ ಸಿದ್ಧಾಂತದ ಬಲದಿಂದ ಮಾತ್ರ ಉತ್ತರಿಸಲಾಗದು. ಆದ್ದರಿಂದಲೇ ಉಪನ್ಯಾಸಗಳಲ್ಲಿ ನಾನು ಹಾಕಿಂಗ್ ಅವರ ಹೆಸರನ್ನು ಕೊನೆಗೆ ಇಟ್ಟುಕೊಂಡು ವಿಶ್ವಕಿರಣಗಳಿಂದ ಆರಂಭಿಸುತ್ತೇನೆ.

ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳಲ್ಲಿ ಕೆಲವು ಪ್ರೋಟಾನುಗಳಿಗೆ ಎಲ್‌ಎಚ್‌ಸಿಗಿಂತ ಎಷ್ಟೋ ಪಟ್ಟು ಹೆಚ್ಚಿನ ಶಕ್ತಿಯಿರುತ್ತದೆ. ಅವು ನಮ್ಮ ವಾತಾವರಣದ ಪರಮಾಣುಗಳಿಗೆ ಗುದ್ದಿದಾಗ ಆಗುವುದು ಜಿನೀವಾದಲ್ಲಿ ಆಗುವ ಘಟನೆಯೇ. ಭೂಮಿ ಹುಟ್ಟಿದಂದಿನಿಂದ ಪ್ರಕೃತಿ ಇಂಥ ಪ್ರಯೋಗವನ್ನು, ಎಲ್‌ಎಚ್‌ಸಿ ತನ್ನ ಆಯುಷ್ಯದಲ್ಲೆಲ್ಲ ಮಾಡುವುದಕ್ಕಿಂತ ಲಕ್ಷ ಪಟ್ಟಿಗೂ ಕಡಿಮೆಯಿಲ್ಲದಷ್ಟು ಮಾಡಿ ಮುಗಿಸಿದೆ. ಇಲ್ಲಿಗೆ ಬಹಳಷ್ಟು ಭಾಷಣಕಾರರು ನಿಲ್ಲಿಸಿಬಿಡುತ್ತಾರೆ, ಆದರೆ ಜಾಣ ವಿದ್ಯಾರ್ಥಿಗಳು ನಿಲ್ಲುವುದಿಲ್ಲ. ವಿಶ್ವಕಿರಣದಿಂದ ಹುಟ್ಟಿದ್ದು ಅದೇ ವೇಗದಲ್ಲಿ ಭೂಮಿಯನ್ನು ತೂರಿಕೊಂಡು ಹೊರಟುಹೋಗುತ್ತದೆ, ಯಂತ್ರದಲ್ಲಿ ಎರಡೂ ಕಡೆಯಿಂದ ಸಮನಾಗಿ ಗುದ್ದುವುದರಿಂದ ಹುಟ್ಟಿದ್ದು ನಿಧಾನವಾಗಿ ಇಲ್ಲೇ ಉಳಿಯಬಹುದಲ್ಲ ಎಂದು ಕೇಳುತ್ತಾರೆ. ಇದು ಒಳ್ಳೆಯ ಆಕ್ಷೇಪ. ಇದಕ್ಕೆ ಉತ್ತರವನ್ನು ಭೌತವಿಜ್ಞಾನಿಗಳಾದ ಸ್ಟೀವನ್ ಗಿಡಿಂಗ್ಸ್ ಮತ್ತು ಮಿಕೆಲಾಂಜೆಲೊ ಮಂಗಾನೊ 2008ರಲ್ಲಿ ವಿವರವಾಗಿ ಕೊಟ್ಟರು: ಶ್ವೇತಕುಬ್ಜ ಮತ್ತು ನ್ಯೂಟ್ರಾನ್ ನಕ್ಷತ್ರಗಳು ಎಷ್ಟು ಸಾಂದ್ರವೆಂದರೆ ವಿಶ್ವಕಿರಣದಿಂದ ಹುಟ್ಟುವ ವೇಗದ ಕಪ್ಪುಕುಳಿಯೂ ಅಲ್ಲಿ ಸಿಕ್ಕಿಬೀಳಬೇಕು. ಅಪಾಯ ನಿಜವಾಗಿದ್ದರೆ ಆ ನಕ್ಷತ್ರಗಳು ಇಷ್ಟು ಹೊತ್ತಿಗೆ ಉಳಿಯಬಾರದಾಗಿತ್ತು. ಅವು ಕೋಟ್ಯಂತರ ವರ್ಷಗಳಿಂದ ಹಾಗೆಯೇ ಇವೆ. ಈ ಎರಡನೆಯ ಮೆಟ್ಟಿಲಿಲ್ಲದೆ ಮೊದಲನೆಯದನ್ನಷ್ಟೇ ಹೇಳುವುದು ಕೇಳುಗರ ಬುದ್ಧಿಯನ್ನು ಕಡೆಗಣಿಸಿದಂತೆ. ಒಂದು ಡಿಕ್ಕಿಯ ಶಕ್ತಿ ಹಾರುವ ಕೆಲವು ಸೊಳ್ಳೆಗಳ ಶಕ್ತಿಯಷ್ಟೇ ಎಂಬ ಪ್ರಸಿದ್ಧ ಹೋಲಿಕೆಯನ್ನೂ ನಾನು ಬಿಟ್ಟಿದ್ದೇನೆ. ಅದು ಸುಳ್ಳಲ್ಲ, ಆದರೆ ಆ ಶಕ್ತಿ ಎಷ್ಟು ಕಿರಿದಾದ ಜಾಗದಲ್ಲಿ ಅಡಕವಾಗಿದೆ ಎಂಬುದನ್ನು ಅದು ಮರೆಸುತ್ತದೆ.

ನಮ್ಮವರು ಎಡವಿದ್ದು ಸಂಭವನೀಯತೆಯ ಮಾತಿನಲ್ಲಿ. 1999ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ಭಾರವಾದ ಪರಮಾಣುಗಳ ಬೀಜಗಳನ್ನು ಡಿಕ್ಕಿ ಹೊಡೆಸುವ ಆರ್‌ಎಚ್‌ಐಸಿ ಯಂತ್ರದ ಬಗ್ಗೆಯೂ ಇದೇ ಬಗೆಯ ಭಯ ಹಬ್ಬಿತ್ತು. ಆಗಲೂ, 2008ರಲ್ಲೂ ಇಂಥ ಯಂತ್ರಗಳನ್ನು ವಿರೋಧಿಸಿದವರ ಮುಂಚೂಣಿಯಲ್ಲಿದ್ದವರು ವಾಲ್ಟರ್ ವ್ಯಾಗ್ನರ್. ಕ್ವಾಂಟಮ್ ಸಿದ್ಧಾಂತದಲ್ಲಿ ಪಳಗಿದವರು ಯಾವುದನ್ನೂ ಸಂಪೂರ್ಣ ಅಸಾಧ್ಯವೆಂದು ಹೇಳಲು ಹಿಂಜರಿಯುತ್ತಾರೆ. ಸಾಧ್ಯತೆ ಲೆಕ್ಕಕ್ಕೆ ಸಿಗದಷ್ಟು ಕಡಿಮೆ ಎನ್ನುತ್ತಾರೆ. ಭೂಮಿಯೇ ಪಣಕ್ಕಿರುವಾಗ ಅಷ್ಟು ಕಡಿಮೆಯಾದರೂ ಏಕೆ ಎಂದು ಕೇಳುಗ ಕೇಳುತ್ತಾನೆ. ವ್ಯಾಗ್ನರ್ 2009ರಲ್ಲಿ ಅಮೆರಿಕದ ವಿಡಂಬನಾ ಟಿ.ವಿ. ಕಾರ್ಯಕ್ರಮವೊಂದರಲ್ಲಿ, ಆಗಬಹುದು ಇಲ್ಲವೇ ಆಗದಿರಬಹುದು, ಆದ್ದರಿಂದ ಅಪಾಯ ಅರ್ಧಕ್ಕರ್ಧ ಎಂಬರ್ಥದ ವಾದ ಮಂಡಿಸಿ ನಗೆಪಾಟಲಾದರು. ಆದರೆ ಆಧಾರವಿಲ್ಲದೆ ಕೋಟಿಗೊಂದು ಎಂದು ಅಂಕಿ ಕೊಡುವ ವಿಜ್ಞಾನಿಯ ವಾದವೂ ಅದಕ್ಕಿಂತ ಬಹಳ ಮೇಲಿನದಲ್ಲ. ಸರ್ನ್ 2008ರ ಜೂನ್‌ನಲ್ಲಿ ಪ್ರಕಟಿಸಿದ ಸುರಕ್ಷತಾ ವರದಿ ಈ ವಿಷಯದಲ್ಲಿ ಎಚ್ಚರಿಕೆ ವಹಿಸಿತು: ಸಂಭವನೀಯತೆಯ ಅಂಕಿಗಳ ಬದಲು ಆಕಾಶದಲ್ಲಿ ಕಾಣುವ ಸಾಕ್ಷ್ಯವನ್ನೇ ಅದು ನೆಚ್ಚಿಕೊಂಡಿತು.

ಇಷ್ಟಾದರೂ ಒಂದು ಪ್ರಶ್ನೆಗೆ ಆ ವರದಿಯಲ್ಲಿ ಉತ್ತರವಿರಲಿಲ್ಲ. ಏನಾಗಬಹುದು ಎಂಬುದರ ಜೊತೆಗೆ, ನಮ್ಮೆಲ್ಲರ ಪರವಾಗಿ ಇದನ್ನು ಯಾರು ತೀರ್ಮಾನಿಸಿದರು ಎಂದೂ ಜನ ಕೇಳುತ್ತಿದ್ದರು. ವರದಿ ಬರೆದ ಐವರಲ್ಲಿ ನಾಲ್ವರು ಸರ್ನ್‌ನ ಸಿದ್ಧಾಂತ ವಿಭಾಗದವರು. ಈ ಲೆಕ್ಕವನ್ನು ಮಾಡಬಲ್ಲವರು ಬೇರೆಡೆ ಕಡಿಮೆ ಎಂಬುದು ನಿಜ, ವರದಿಯನ್ನು ಸಂಸ್ಥೆಯ ಹೊರಗಿನ ಹಿರಿಯರು ಪರಿಶೀಲಿಸಿದರೆಂಬುದೂ ನಿಜ. ಆದರೂ ಹೊರಗೆ ನಿಂತವನಿಗೆ ಅದು ಮನೆಯವರೇ ಮನೆಯವರಿಗೆ ಕೊಟ್ಟ ಪ್ರಮಾಣಪತ್ರದಂತೆ ಕಂಡರೆ ಅವನನ್ನು ಅವಿವೇಕಿ ಎನ್ನಲಾಗದು. ನ್ಯಾಯಾಲಯಗಳಿಗೆ ಹೋದವರಿಗೂ ಈ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ವ್ಯಾಗ್ನರ್ ಮತ್ತು ಲೂಯಿಸ್ ಸಾಂಚೋ ಹವಾಯಿಯ ಫೆಡರಲ್ ನ್ಯಾಯಾಲಯದಲ್ಲಿ ಹೂಡಿದ ದಾವೆಯನ್ನು ನ್ಯಾಯಾಧೀಶರು 2008ರ ಸೆಪ್ಟೆಂಬರ್ 26ರಂದು ವಜಾ ಮಾಡಿದ್ದು, ಯಂತ್ರ ಸುರಕ್ಷಿತವೆಂದು ಮನವರಿಕೆಯಾಗಿ ಅಲ್ಲ. ಅಮೆರಿಕದ ಧನಸಹಾಯವಿದ್ದ ಮಾತ್ರಕ್ಕೆ ಈ ಪ್ರಕರಣ ತಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂಬ ಕಾರಣಕ್ಕೆ. ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ತಡೆಯಾಜ್ಞೆ ನೀಡಲು ಒಪ್ಪಲಿಲ್ಲ. ಜರ್ಮನಿಯ ಸಾಂವಿಧಾನಿಕ ನ್ಯಾಯಾಲಯ 2010ರಲ್ಲಿ ದೂರನ್ನು ತಳ್ಳಿಹಾಕಿತು. ಈ ತೀರ್ಪುಗಳು ಸರಿಯೆಂದೇ ನಾನು ಭಾವಿಸುತ್ತೇನೆ. ಆದರೆ ಹಲವು ರಾಷ್ಟ್ರಗಳು ಸೇರಿ ಕಟ್ಟಿದ ಯಂತ್ರದ ಬಗ್ಗೆ ಸಾಮಾನ್ಯ ನಾಗರಿಕ ತನ್ನ ಅಹವಾಲನ್ನು ಎಲ್ಲಿ ಹೇಳಿಕೊಳ್ಳಬೇಕು ಎಂಬುದನ್ನು ಅವು ಬಗೆಹರಿಸಲಿಲ್ಲ.

ಇದೇ ಪ್ರಶ್ನೆ ಇನ್ನಷ್ಟು ತೀಕ್ಷ್ಣವಾಗಿ ಎದ್ದದ್ದು ನಮ್ಮ ನೆರೆಯ ತಮಿಳುನಾಡಿನಲ್ಲಿ. ವಸ್ತುಗಳನ್ನು ಹೆಚ್ಚುಕಡಿಮೆ ತಾಕದೆ ತೂರಿಹೋಗುವ ನ್ಯೂಟ್ರಿನೊ ಎಂಬ ಕಣಗಳನ್ನು ಅಭ್ಯಸಿಸುವ ಭಾರತದ ನ್ಯೂಟ್ರಿನೊ ವೀಕ್ಷಣಾಲಯಕ್ಕೆ ಮೊದಲು ಗೊತ್ತುಮಾಡಿದ್ದ ನೀಲಗಿರಿಯ ಸಿಂಗಾರ ಪ್ರದೇಶಕ್ಕೆ ಆನೆಗಳ ಓಡಾಟದ ಕಾರಣದಿಂದ 2009ರಲ್ಲಿ ಅನುಮತಿ ಸಿಗಲಿಲ್ಲ. ಆಮೇಲೆ ಥೇಣಿ ಜಿಲ್ಲೆಯ ಬೋಡಿ ಬೆಟ್ಟವನ್ನು ಆರಿಸಿ, ಸುಮಾರು 2 ಕಿಲೋಮೀಟರ್ ಸುರಂಗ ಕೊರೆದು 50,000 ಟನ್ ಕಬ್ಬಿಣದ ಕಾಂತೀಯ ಶೋಧಕವನ್ನು ಇಡುವ ಯೋಜನೆಗೆ ಕೇಂದ್ರ ಸಂಪುಟ 2015ರಲ್ಲಿ ಒಪ್ಪಿಗೆ ಕೊಟ್ಟಿತು. ವಿಕಿರಣ ಹಬ್ಬುತ್ತದೆ, ಪರಮಾಣು ತ್ಯಾಜ್ಯವನ್ನು ತಂದು ಹೂಳುತ್ತಾರೆ, ಅಣೆಕಟ್ಟುಗಳು ಬಿರುಕು ಬಿಡುತ್ತವೆ ಎಂಬ ಮಾತುಗಳು ಹಬ್ಬಿದವು. ಸೂರ್ಯನಿಂದ ಬರುವ ಸುಮಾರು 6,500 ಕೋಟಿ ನ್ಯೂಟ್ರಿನೊಗಳು ಪ್ರತಿ ಸೆಕೆಂಡಿಗೆ ನಮ್ಮ ಮೈಯ ಒಂದೊಂದು ಚದರ ಸೆಂಟಿಮೀಟರನ್ನೂ ದಾಟಿಹೋಗುತ್ತವೆ, ಶೋಧಕ ಅವುಗಳನ್ನು ನೋಡುತ್ತದೆಯೇ ಹೊರತು ಹುಟ್ಟಿಸುವುದಿಲ್ಲ ಎಂದು ವಿಜ್ಞಾನಿಗಳು ವಿವರಿಸಿದರು. ಭೌತವಿಜ್ಞಾನದ ಮಟ್ಟಿಗೆ ಅದು ಪೂರ್ಣ ಉತ್ತರ. ಆದರೆ ಬೆಟ್ಟ ಯಾರದು, ಸಿಡಿಮದ್ದಿನಿಂದ ಬರುವ ಕಲ್ಲು ಎಲ್ಲಿಗೆ ಹೋಗುತ್ತದೆ, ನೀರನ್ನು ಎಲ್ಲಿಂದ ತರುತ್ತಾರೆ, ಹುಲಿಗಳು ಓಡಾಡುವ ದಾರಿಯ ಗತಿಯೇನು ಎಂದು ಕೇಳಿದವರಿಗೆ ಅದು ಉತ್ತರವೇ ಅಲ್ಲ. 2022ರಲ್ಲಿ ತಮಿಳುನಾಡು ಸರ್ಕಾರ ಸುಪ್ರೀಂ ಕೋರ್ಟಿನಲ್ಲಿ ಯೋಜನೆಯನ್ನು ವಿರೋಧಿಸಿದಾಗ ಮುಂದಿಟ್ಟದ್ದೂ ಪರಿಸರದ ಕಾರಣಗಳನ್ನೇ.

ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ ಇಂಥ ಪ್ರತಿರೋಧ ಏಕೆ ಏಳಲಿಲ್ಲ ಎಂಬುದು ಯೋಚಿಸಬೇಕಾದ ಸಂಗತಿ. ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ ಅಲ್ಲಿ 1950ರ ದಶಕದ ಆರಂಭದಲ್ಲೇ ವಿಶ್ವಕಿರಣಗಳನ್ನು ಅಳೆಯಲು ಇಳಿದಿದ್ದರು. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಸುಳಿವು 1965ರಲ್ಲಿ ಅಲ್ಲಿ, 2 ಕಿಲೋಮೀಟರಿಗೂ ಹೆಚ್ಚಿನ ಆಳದಲ್ಲಿ ಸಿಕ್ಕಿತು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯೊಂದಿಗೆ ಬ್ರಿಟನ್ ಮತ್ತು ಜಪಾನಿನ ವಿಜ್ಞಾನಿಗಳೂ ಅದರಲ್ಲಿದ್ದರು. ಪ್ರಯೋಗಗಳು 1990ರ ದಶಕದ ಆರಂಭದವರೆಗೂ ನಡೆದವು. ಅಂದಿನ ಜನರಿಗೆ ವಿಜ್ಞಾನದ ಮೇಲೆ ಹೆಚ್ಚು ನಂಬಿಕೆಯಿತ್ತು ಎಂಬ ಸುಲಭದ ವಿವರಣೆಯನ್ನು ನಾನು ಒಪ್ಪುವುದಿಲ್ಲ. ಆ ಗಣಿಯನ್ನು ಪ್ರಯೋಗಕ್ಕೆಂದು ಕೊರೆದಿರಲಿಲ್ಲ, ಯಾರ ಹೊಲವನ್ನೂ ಕೇಳಿರಲಿಲ್ಲ. ವಿಜ್ಞಾನಿಗಳು ಅಲ್ಲಿ ಅತಿಥಿಗಳಾಗಿದ್ದರು. ಹಾಗಾಗಿ ಯಾರ ಪರವಾಗಿ ಯಾರು ತೀರ್ಮಾನಿಸಿದರೆಂಬ ಪ್ರಶ್ನೆಯೇ ಹುಟ್ಟಲಿಲ್ಲ.

ಎಲ್‌ಎಚ್‌ಸಿ 2012ರ ಜುಲೈ 4ರ ಹಿಗ್ಸ್ ಕಣ (ಮೂಲಕಣಗಳಿಗೆ ದ್ರವ್ಯರಾಶಿ ಬರುವುದನ್ನು ವಿವರಿಸುವ ಕಣ) ಸಿಕ್ಕಿತೆಂಬ ಘೋಷಣೆಯ ನಂತರ ಜನರ ಮೆಚ್ಚುಗೆ ಗಳಿಸಿತು, ಆದರೆ ವಿಚಿತ್ರ ಕಥೆಗಳು ನಿಲ್ಲಲಿಲ್ಲ. ಭಾರತ 2004ರಲ್ಲಿ ಸರ್ನ್‌ಗೆ ಉಡುಗೊರೆಯಾಗಿ ಕೊಟ್ಟ ನಟರಾಜನ ವಿಗ್ರಹದ ಮುಂದೆ ನರಬಲಿಯ ಅಣಕು ನಾಟಕವಾಡಿದ ವಿಡಿಯೊವೊಂದು 2016ರಲ್ಲಿ ಹರಿದಾಡಿ, ಸಂಸ್ಥೆ ಒಳಗಿನ ವಿಚಾರಣೆ ನಡೆಸಬೇಕಾಯಿತು.

ಈಗ ಸರ್ನ್ ಸುಮಾರು 91 ಕಿಲೋಮೀಟರ್ ಸುತ್ತಳತೆಯ ಹೊಸ ವರ್ತುಲವೊಂದನ್ನು ಯೋಜಿಸುತ್ತಿದ್ದು, ಅದರ ಕಾರ್ಯಸಾಧ್ಯತಾ ವರದಿ 2025ರ ಮಾರ್ಚ್ ಕೊನೆಯಲ್ಲಿ ಹೊರಬಂತು. ಮೊದಲ ಹಂತದ ಅಂದಾಜು ವೆಚ್ಚ ಸುಮಾರು 1,500 ಕೋಟಿ ಸ್ವಿಸ್ ಫ್ರಾಂಕ್. ಸುರಂಗ ಹಾದುಹೋಗುವ ಫ್ರಾನ್ಸಿನ ಹಳ್ಳಿಗಳಲ್ಲಿ ನಡೆಯುತ್ತಿರುವ ಚರ್ಚೆಯಲ್ಲಿ ಕಪ್ಪುಕುಳಿಗಿಂತ ಅಗೆದ ಮಣ್ಣು, ಲಾರಿಗಳ ಓಡಾಟ, ಕೃಷಿಭೂಮಿ ಮತ್ತು ವಿದ್ಯುತ್ತಿನ ಮಾತೇ ಹೆಚ್ಚು. ಸದಸ್ಯ ರಾಷ್ಟ್ರಗಳ ತೀರ್ಮಾನ 2028ರ ಸುಮಾರಿಗೆ ಬರಬೇಕು. ಅದಕ್ಕೆ ಮೊದಲೇ ಸರ್ನ್ ತನ್ನ ಭೌತವಿಜ್ಞಾನಿಗಳ ಜೊತೆಗೆ ಭೂವಿಜ್ಞಾನಿಗಳನ್ನೂ ಪರಿಸರ ತಜ್ಞರನ್ನೂ ಆ ಊರುಗಳ ಸಭೆಗಳಿಗೆ ಕಳಿಸತೊಡಗಿದೆ.