ಜೆಫರ್ಸನ್ ಜೇಬಿನಲ್ಲಿದ್ದ ದಂತದ ಹಾಳೆಗಳು

1776ರ ಜುಲೈ 4. ಫಿಲಡೆಲ್ಫಿಯಾದಲ್ಲಿ ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಒಪ್ಪಿಗೆ ಸಿಕ್ಕ ದಿನ. ಅದರ ಕರಡು ಬರೆದ ಥಾಮಸ್ ಜೆಫರ್ಸನ್ ಅವತ್ತು ನಾಲ್ಕು ಸಲ ಥರ್ಮಾಮೀಟರ್ ನೋಡಿ ಬರೆದಿಟ್ಟಿದ್ದಾನೆ. ಬೆಳಗ್ಗೆ 6ಕ್ಕೆ 68 ಡಿಗ್ರಿ ಫ್ಯಾರನ್‌ಹೀಟ್, ಮಧ್ಯಾಹ್ನ 1ಕ್ಕೆ 76. ಅಂದರೆ 20 ಮತ್ತು ಸುಮಾರು 24 ಸೆಲ್ಸಿಯಸ್, ಹಿತವಾದ ಹವೆ. ಥರ್ಮಾಮೀಟರಿಗೆ ಕೊಟ್ಟ ದುಡ್ಡು ಕೂಡ ಅದೇ ದಿನದ ಖರ್ಚಿನ ಲೆಕ್ಕದಲ್ಲಿದೆ!

ನಡುನಡುವೆ ಬಿಟ್ಟುಹೋದರೂ ಈ ಅಭ್ಯಾಸ ಕೊನೆಗಾಲದವರೆಗೂ ಉಳಿಯಿತು. ಆಮೇಲೆ ದಿನಕ್ಕೆ ಎರಡೇ ಸಲ ನೋಡಿದರೆ ಸಾಕು ಅಂತ ಆತ ಕಂಡುಕೊಂಡ: ಒಂದು ಬೆಳಕು ಹರಿಯುವ ಹೊತ್ತಿಗೆ, ಇನ್ನೊಂದು ಮಧ್ಯಾಹ್ನ 3ರಿಂದ 4ರೊಳಗೆ. ಸೂರ್ಯ ನೆತ್ತಿಗೆ ಬಂದಾಗಲೇ ಸೆಕೆ ಜಾಸ್ತಿ ಅಂತ ನಾವು ಸುಮ್ನೆ ಅಂದುಕೊಳ್ಳುತ್ತೇವೆ, ಅಲ್ವಾ? ಆದರೆ ಮಧ್ಯಾಹ್ನ ದಾಟಿದ ಮೇಲೂ ನೆಲ ಬಿಟ್ಟುಕೊಡುವುದಕ್ಕಿಂತ ಹೆಚ್ಚು ಶಾಖ ಅದಕ್ಕೆ ಬಂದು ಸೇರುತ್ತಲೇ ಇರುತ್ತದೆ, ಹಾಗಾಗಿ ಗಾಳಿ ಇನ್ನೂ ಎರಡು ಮೂರು ಗಂಟೆ ಬಿಸಿಯಾಗುತ್ತಾ ಹೋಗುತ್ತದೆ. ರಾತ್ರಿಯಿಡೀ ಆರುತ್ತಾ ಬಂದ ನೆಲಕ್ಕೆ ಬಿಸಿಲು ತಾಗುವ ಮುನ್ನವೇ ಹೆಚ್ಚು ಚಳಿ. ಎರಡು ಸಲ ನೋಡಿದರೆ ದಿನದ ಎರಡೂ ತುದಿ ಕೈಗೆ ಸಿಗುತ್ತವೆ. ಇದನ್ನು ಆತ ಯಾರೋ ಹೇಳಿದ್ದು ಕೇಳಿ ನಂಬಲಿಲ್ಲ, ನೋಡಿ ನೋಡಿ ತಿಳಿದುಕೊಂಡ. ನನಗೆ ತುಂಬ ಇಷ್ಟವಾಗುವುದು ಇದೇ.

ಬರೆಯುತ್ತಿದ್ದುದು ಜೇಬಿನಲ್ಲಿದ್ದ ದಂತದ ಹಾಳೆಗಳ ಮೇಲೆ. ತೆಳ್ಳಗಿನ ಹಾಳೆಗಳು, ಬೀಸಣಿಗೆಯ ಹಾಗೆ ಬಿಚ್ಚಿಕೊಳ್ಳುತ್ತವೆ. ಪೆನ್ಸಿಲಿನಲ್ಲಿ ಗೀಚುವುದು, ವಾರಕ್ಕೊಮ್ಮೆ ಪುಸ್ತಕಕ್ಕೆ ಇಳಿಸುವುದು, ಆಮೇಲೆ ನಮ್ಮ ಸ್ಲೇಟಿನ ಹಾಗೆ ಒರೆಸಿಬಿಡುವುದು. ಯಾವ ಹಕ್ಕಿ ಬಂತು, ಯಾವ ಮರ ಚಿಗುರಿತು, ಇಬ್ಬನಿ ಯಾವಾಗ ಹೆಪ್ಪುಗಟ್ಟಿತು ಅನ್ನುವುದಕ್ಕೂ ಒಂದು ಕಾಲಂ ಇತ್ತು.

ವರ್ಜೀನಿಯಾದ ಮಾಂಟಿಸೆಲೊ ಬೆಟ್ಟದ ಮೇಲೆ ಆತನ ಮನೆ. ಬಟಾಣಿ ಅಂದರೆ ಬಲು ಪ್ರೀತಿ. ವಸಂತದಲ್ಲಿ ಯಾರ ತೋಟದ ಬಟಾಣಿ ಮೊದಲು ಊಟದ ಮೇಜಿಗೆ ಬರುತ್ತದೋ ಅವರು ನೆರೆಯವರನ್ನು ಊಟಕ್ಕೆ ಕರೆಯಬೇಕು, ಹಾಗೊಂದು ಪೈಪೋಟಿ ಇತ್ತು. ಸಂಜೆ ತಂಪಾದ ಮೇಲೆ ಆತ ಕೆಲವೊಮ್ಮೆ ಅರ್ಧ ಗಂಟೆ ಮನಸ್ಸಿಟ್ಟು ತೋಟದಲ್ಲಿ ಕೆಲಸ ಮಾಡುತ್ತಿದ್ದ ಅಂತ ಅಲ್ಲಿ ಗುಲಾಮನಾಗಿದ್ದ ಐಸಾಕ್ ಮುಂದೆ ನೆನಪಿಸಿಕೊಂಡಿದ್ದಾನೆ.

ಅರ್ಧ ಗಂಟೆ. ಉಳಿದ ಹೊತ್ತಿನ ಕೆಲಸ ಬೇರೆಯವರದು. ಬೆಟ್ಟದ ಓರೆ ಕಡಿದು 1000 ಅಡಿ ಉದ್ದದ ತರಕಾರಿ ತೋಟಕ್ಕೆ ಜಾಗ ಸಮ ಮಾಡಿದ್ದು ಗುಲಾಮರು. ಜೀವಮಾನದಲ್ಲಿ 600ಕ್ಕೂ ಹೆಚ್ಚು ಜನ ಆತನ ಒಡೆತನದಲ್ಲಿದ್ದರು. ತೋಟದ ಕೆಲಸದಲ್ಲಿ ಆತ ನೆಚ್ಚಿಕೊಂಡಿದ್ದು ವರ್ಮ್ಲಿ ಹ್ಯೂಸ್‌ನನ್ನು. ಇವನೂ ಗುಲಾಮನೇ. ಆ ಹವಾಮಾನ ಪುಸ್ತಕ ಓದುವಾಗ ಇವರನ್ನು ಬಿಟ್ಟು ಓದುವುದು ನನ್ನಿಂದಾಗುವುದಿಲ್ಲ.

ಘೋಷಣೆಗೆ ಸರಿಯಾಗಿ 50 ವರ್ಷ ತುಂಬಿದ 1826ರ ಜುಲೈ 4ರಂದು ಜೆಫರ್ಸನ್ ತೀರಿಕೊಂಡ. ಸಮಾಧಿಯ ಗುಂಡಿ ತೋಡಿದವನು ಹ್ಯೂಸ್. ಜೆಫರ್ಸನ್ ಬಿಟ್ಟುಹೋದ ಸಾಲ ದೊಡ್ಡದಿತ್ತು. ಮುಂದಿನ ಜನವರಿಯಲ್ಲಿ ಅದೇ ಬೆಟ್ಟದ ಮೇಲೆ ನಡೆದ ಹರಾಜಿನಲ್ಲಿ ಹ್ಯೂಸ್‌ನ ಹೆಂಡತಿಯನ್ನೂ ಮಕ್ಕಳನ್ನೂ ಮಾರಿದರು.