ಬಂಬಿನ ನೀರು, ಕ್ಷಿಪಣಿಯ ಉರಿ

ಮಾಟುಂಗಾದ ಚಾಳಿನ ನಮ್ಮ ಮನೆಯಲ್ಲಿ ಒಂದು ತಾಮ್ರದ ಬಂಬ್ ಇತ್ತು. ನಡುವೆ ಕೊಳವೆ, ಅದರಲ್ಲಿ ಇದ್ದಿಲ ಕೆಂಡ, ಸುತ್ತಲೂ ಸ್ನಾನದ ನೀರು. ಒಂದು ಬೆಳಿಗ್ಗೆ ನೀರು ತುಂಬದೆ ಕೆಂಡ ಹಾಕಿಬಿಟ್ಟೆ. ಸ್ವಲ್ಪ ಹೊತ್ತಿಗೇ ಬುಡದ ಬೆಸುಗೆ ಬಿಟ್ಟಿತು. ‘ನೀರಿದ್ದರೆ ತಾನೇ ತಾಮ್ರ ಉಳಿಯೋದು?’ ಅಂದರು ಅಜ್ಜಿ.

ದ್ರವ ಇಂಧನದ ರಾಕೆಟ್ ಎಂಜಿನ್ನಿನ ಗುಟ್ಟೂ ಅದೇ. ಜರ್ಮನಿಯ ವಿ-2 ಕ್ಷಿಪಣಿಯನ್ನೇ ನೋಡಿ. ಅದರ ಎಂಜಿನ್ 25 ಟನ್ ಬಲದಿಂದ ನೂಕುತ್ತಿತ್ತು. ಒಳಗಿನ ಉರಿ ಸುಮಾರು 2,500 ಡಿಗ್ರಿ. ಗೋಡೆ ಮಾತ್ರ ಉಕ್ಕಿನದು. ಉಕ್ಕು 1,500 ಡಿಗ್ರಿಯ ಆಸುಪಾಸಿನಲ್ಲೇ ಕರಗುತ್ತದೆ, ಅಲ್ವಾ? ಮತ್ತೆ ಒಂದು ನಿಮಿಷಕ್ಕೂ ಜಾಸ್ತಿ ಅದು ಉಳಿದದ್ದು ಹೇಗೆ?

ಗೋಡೆ ಎರಡು ಪದರದ್ದು. ಇಂಧನವಾದ ಆಲ್ಕೋಹಾಲ್ ನೇರವಾಗಿ ಉರಿಗೆ ಬೀಳುತ್ತಿರಲಿಲ್ಲ. ಮೊದಲು ಆ ಎರಡು ಪದರಗಳ ನಡುವೆ ಕೆಳಗಿನಿಂದ ಮೇಲಕ್ಕೆ ಹರಿದು, ಗೋಡೆಯ ಬಿಸಿ ಹೀರಿಕೊಂಡು, ಆಮೇಲೆ ಒಳಗೆ ಹೋಗಿ ದ್ರವ ಆಮ್ಲಜನಕದ ಜೊತೆ ಉರಿಯುತ್ತಿತ್ತು. ಹೀರಿದ ಬಿಸಿಯೂ ಸುಮ್ನೆ ಪೋಲಾಗುತ್ತಿರಲಿಲ್ಲ. ಇಷ್ಟೇ ಸಾಲದಾಯಿತು. ಅದಕ್ಕೆ ಒಳಗೋಡೆಯಲ್ಲಿ ಸಾಲುಸಾಲಾಗಿ ಸಣ್ಣ ತೂತು ಕೊರೆದರು. ಅಲ್ಲಿಂದ ಜಿನುಗಿದ ಆಲ್ಕೋಹಾಲ್ ಗೋಡೆಗೆ ಅಂಟಿಕೊಂಡು ಹರಿದು, ಉರಿಗೂ ಉಕ್ಕಿಗೂ ನಡುವೆ ತೆರೆಯಂತೆ ನಿಲ್ಲುತ್ತಿತ್ತು. ಆಲ್ಕೋಹಾಲಿಗೆ ಕಾಲು ಭಾಗ ನೀರನ್ನೂ ಬೆರೆಸಿದ್ದರು, ಉರಿ ತುಸು ತಣ್ಣಗಿರಲಿ ಎಂದು.

ಈ ಎಂಜಿನ್ನಿನ ಹಿಂದಿದ್ದವರು ವಾಲ್ಟರ್ ಟೀಲ್. ಅವರ ತಂಡದ ಬಳಿ ಚೆನ್ನಾಗಿ ಕೆಲಸ ಮಾಡುವ 1.5 ಟನ್ನಿನ ಪುಟ್ಟ ಎಂಜಿನ್ ಇತ್ತು. ಇಂಧನ ಚಿಮ್ಮಿಸುವ ಅದರ ತಲೆಯಂಥವೇ 18ನ್ನು ಒಂದು ದೊಡ್ಡ ಎಂಜಿನ್ನಿನ ನೆತ್ತಿಗೆ ಕೂರಿಸಿದರು. ಹೊಸದನ್ನು ಮೊದಲಿಂದ ಕಟ್ಟುವ ಬದಲು ಗೊತ್ತಿದ್ದದ್ದನ್ನೇ ಹೆಚ್ಚಿಸಿದ ಈ ಜಾಣತನ ನನಗೆ ತುಂಬಾ ಇಷ್ಟ. 1942ರ ಅಕ್ಟೋಬರ್ 3ರಂದು ಕ್ಷಿಪಣಿ ಮೊದಲ ಸಲ ಸರಿಯಾಗಿ ಹಾರಿತು. ಮರುವರ್ಷ ಆಗಸ್ಟ್‌ನಲ್ಲಿ, ಈ ಕೆಲಸ ನಡೆಯುತ್ತಿದ್ದ ಪೀನೆಮುಂಡೆ ಮೇಲೆ ಬಾಂಬ್ ಬಿದ್ದಾಗ ಟೀಲ್ ಸತ್ತರು.

ಜಾಣತನವನ್ನಷ್ಟೇ ಹೇಳಿ ನಿಲ್ಲಿಸಲು ಮನಸ್ಸು ಬಾರದು. ಈ ಕ್ಷಿಪಣಿಗಳನ್ನು ಸುರಂಗದೊಳಗೆ ಜೋಡಿಸಿದವರು ನಾಜಿಗಳ ಡೋರಾ ಸೆರೆ ಶಿಬಿರದ ಕೈದಿಗಳು. ಅವರಲ್ಲಿ ಸಾವಿರಾರು ಜನ ಅಲ್ಲೇ ಸತ್ತರು.

ಮಾಟುಂಗಾದಿಂದ ಸ್ಲೋ ಲೋಕಲ್ ಹತ್ತಿದರೆ ಐದನೆಯ ಸ್ಟೇಷನ್ ವಿಕ್ರೋಳಿ. ಅಲ್ಲಿನ ಗೋದ್ರೇಜ್ ಕಾರ್ಖಾನೆಯಲ್ಲಿ ಇಸ್ರೋದ ವಿಕಾಸ್ ಎಂಜಿನ್ ತಯಾರಾಗುತ್ತದೆ. ಅದು ಹೊತ್ತೊಯ್ಯುವುದು ಬಾಂಬನ್ನಲ್ಲ, ಉಪಗ್ರಹವನ್ನು. ಇಂಧನವೂ ಬೇರೆ. ಆದರೆ ಅದರ ಒಳಗೋಡೆಯ ಮೇಲೂ ಇಂಧನದ ತೆಳುವಾದ ತೆರೆಯೊಂದು ಹರಿಯುತ್ತಿರುತ್ತದೆ.